ಹೊಗೆ ಬಿಡಿಸುವ ಗೆಳೆತನ

ನಮ್ಮ ನುಡಿಯಲ್ಲಿ ‘ವ್ಯಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಬ್ಬನಿಗೆ ಜೂಜಿನ ವ್ಯಸನ ಹತ್ತಿತು ಎನ್ನುತ್ತೇವೆ. ಬಂಧುವನ್ನು ಕಳೆದುಕೊಂಡವರು ವ್ಯಸನದಲ್ಲಿದ್ದಾರೆ ಎಂದೂ ಹೇಳುತ್ತೇವೆ. ಮೊದಲನೆಯದು ಚಟ, ಎರಡನೆಯದು ದುಃಖ. ಇವೆರಡೂ ಒಂದೇ ಶಬ್ದದಲ್ಲಿ ಕೂಡಿಬಂದದ್ದು ಹೇಗೆಂದು ಹಿಂದೊಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ‘ಎಸೆ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತಿದು. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನ ಎಂದು ವಿವರಿಸಿ ಪಾಠ ಮುಗಿಸಿದೆ. ಅಂದು ಸಂಜೆ ಶಾಲೆಯಿಂದ ಎರಡು ಬೀದಿ ಆಚೆ ಹುಣಸೆಮರದ ಮರೆಯಲ್ಲಿ ನಿಂತು ಸಿಗರೇಟಿಗೆ ಕಡ್ಡಿ ಗೀರುವಾಗ ನನ್ನ ವಿವರಣೆ ನನಗೇ ನೆನಪಾಯಿತು. ನಾಚಿಕೆಯಾಯಿತು. ಆದರೂ ಹೊತ್ತಿಸಿದೆ.

ಆದಕಾರಣ ಹೊಗೆಸೊಪ್ಪು ಕೆಟ್ಟದ್ದೆಂದು ಸಾರುವುದಕ್ಕಾಗಿ ನಾನು ಈ ಲೇಖನ ಬರೆಯುತ್ತಿಲ್ಲ. ಅದು ಸೇದುವವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ೨೦೧೬-೧೭ರಲ್ಲಿ ಭಾರತದಾದ್ಯಂತ ನಡೆದ ಸಮೀಕ್ಷೆಯೊಂದರ ಪ್ರಕಾರ, ಹದಿನೈದು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ೨೮.೬ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಅವರಲ್ಲಿ ಸೇದುವವರನ್ನಷ್ಟೇ ತೆಗೆದುಕೊಂಡರೆ, ಅರ್ಧಕ್ಕಿಂತ ಹೆಚ್ಚು ಮಂದಿ ಬಿಡಬೇಕೆಂಬ ಆಲೋಚನೆಯುಳ್ಳವರೇ. ಮನಸ್ಸು ಇದ್ದೂ ಬಿಡಲಾಗದಿರುವುದೇಕೆ, ಬಿಟ್ಟವರಿಗೆ ಯಾವುದು ಒದಗಿ ಬಂತು ಎಂಬುದೇ ಇಲ್ಲಿಯ ಪ್ರಶ್ನೆ. ಇಪ್ಪತ್ತೆಂಟು ವರ್ಷ ಸೇದಿ ಬಿಟ್ಟವನಾಗಿ ನನಗೆ ತಿಳಿದ ಉತ್ತರ ಇಷ್ಟೆ: ಒಬ್ಬನೇ ಹಲ್ಲು ಕಚ್ಚಿ ಬಿಡುವುದಕ್ಕಿಂತ ನಾಲ್ವರು ಕೈ ಹಿಡಿದು ಬಿಡುವುದು ಸುಲಭ.

ಹಿಂದಿನ ನೀತಿಶಾಸ್ತ್ರಕಾರರು ಜೂಜು, ಬೇಟೆ, ಕುಡಿತ, ಬಿರುನುಡಿ, ದುಂದುವೆಚ್ಚ ಮೊದಲಾದವನ್ನು ವ್ಯಸನಗಳೆಂದು ಎಣಿಸಿದರು. ಅವರ ಪಟ್ಟಿಯಲ್ಲಿ ಹೊಗೆಸೊಪ್ಪಿಲ್ಲ, ಏಕೆಂದರೆ ಅದು ಆಗ ಈ ದೇಶದಲ್ಲೇ ಇರಲಿಲ್ಲ. ‘ಚರಕಸಂಹಿತೆಯಲ್ಲಿಯೇ ಧೂಮಪಾನ ಹೇಳಿದೆಯಲ್ಲ’ ಎಂದು ವಾದಿಸುವವರುಂಟು. ನಾನೂ ಹಾಗೆ ವಾದಿಸಿದವನೇ. ಅಲ್ಲಿರುವುದು ಕಫದ ಬಾಧೆಗೆಂದು ಗಿಡಮೂಲಿಕೆಗಳ ಬತ್ತಿಯಿಂದ ಕೊಡುತ್ತಿದ್ದ ಚಿಕಿತ್ಸೆ. ತಂಬಾಕಿನ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ವಿಜಾಪುರದಿಂದ. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡು, ರತ್ನಖಚಿತವಾದ ಕೊಳವೆಯೊಡನೆ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಅಕ್ಬರನು ಒಂದೆರಡು ದಮ್ಮು ಎಳೆದಾಗ ಅರಮನೆಯ ವೈದ್ಯನು ತಡೆದನು. ಆದರೆ ಸುತ್ತ ನಿಂತ ಸರದಾರರು ತಮಗೂ ಬೇಕೆಂದು ಕೇಳಿ ಪಡೆದರು, ಚಟ ಹಬ್ಬಿತು. ಮುಂದೆ ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಆಜ್ಞೆಯ ಗತಿ ಏನಾಯಿತೆಂಬುದನ್ನು ಇಂದಿನ ಬೀದಿಬೀದಿಯ ಅಂಗಡಿಗಳೇ ಹೇಳುತ್ತವೆ. ಕೈಯಿಂದ ಕೈಗೆ ಸ್ನೇಹದ ಗುರುತಾಗಿ ಹರಡಿದ್ದನ್ನು ಬರಿಯ ಅಪ್ಪಣೆಯಿಂದ ಹಿಂದಕ್ಕೆ ಪಡೆಯುವುದು ಅರಸನಿಗೂ ಸಾಧ್ಯವಾಗಲಿಲ್ಲ.

ನನಗೂ ಹಾಗೆಯೇ ಬಂತು. ೧೯೮೯ರಲ್ಲಿ ಕಾಲೇಜಿನಲ್ಲಿದ್ದಾಗ ಪರೀಕ್ಷೆಯ ಹಿಂದಿನ ರಾತ್ರಿ ಕೋಣೆಯ ಗೆಳೆಯನೊಬ್ಬ ತನ್ನ ಸಿಗರೇಟಿನಲ್ಲಿ ಅರ್ಧ ಕೊಟ್ಟ. ಬಹಳ ಒಳ್ಳೆಯವನು; ತನ್ನ ಊಟದಲ್ಲೂ ಅರ್ಧ ಕೊಡುತ್ತಿದ್ದವನು. ಮೊದಲ ದಮ್ಮಿಗೆ ಕೆಮ್ಮು ಬಂತು, ತಲೆ ಸುತ್ತಿತು. ಇಬ್ಬರೂ ನಕ್ಕೆವು. ಆರು ತಿಂಗಳೊಳಗೆ ನಾನೇ ಪೆಟ್ಟಿಗೆ ಕೊಳ್ಳತೊಡಗಿದೆ.

ಇನ್ನು ದೇಹದೊಳಗೆ ನಡೆಯುವ ವ್ಯವಹಾರವನ್ನು ಸ್ವಲ್ಪ ನೋಡೋಣ. ತಂಬಾಕಿನಲ್ಲಿ ನಿಕೋಟಿನ್ ಎಂಬ ದ್ರವ್ಯವಿದೆ. ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದು ತನ್ನ ದೇಶಕ್ಕೆ ತಂಬಾಕನ್ನು ಕಳುಹಿಸಿದ ಝ್ಯಾಂ ನಿಕೋ ಎಂಬುವನ ನೆನಪಿಗೆ ಆ ಹೆಸರು. ೧೮೨೮ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೆಗೆದರು. ಹೊಗೆಯನ್ನು ಒಳಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಿ ಹಿತವೆನಿಸುವ ರಸಗಳನ್ನು ಸ್ರವಿಸುವಂತೆ ಮಾಡುತ್ತದೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದಂತೆ ಮಿದುಳು ಮತ್ತೆ ಬೇಡುತ್ತದೆ. ಸಿಡುಕು, ಚಡಪಡಿಕೆ, ಮನಸ್ಸು ನಿಲ್ಲದಿರುವುದು, ಇವೆಲ್ಲ ಆ ಬೇಡಿಕೆಯ ಭಾಷೆ. ಆಗ ಇನ್ನೊಂದು ಸೇದಿದರೆ ಸಮಾಧಾನ ಸಿಕ್ಕಿದಂತಾಗುತ್ತದೆ. ವಾಸ್ತವವಾಗಿ ಹಿಂದಿನ ಸಿಗರೇಟು ತಂದಿಟ್ಟ ಸಂಕಟವನ್ನು ಮುಂದಿನದು ತಾತ್ಕಾಲಿಕವಾಗಿ ಅಡಗಿಸಿತು, ಅಷ್ಟೆ. ಸಾಲ ತೀರಿಸಲು ಸಾಲ ಮಾಡುವವನ ಲೆಕ್ಕ ಇದು.

ಚಟ ಹಿಡಿಸುವುದು ನಿಕೋಟಿನ್. ಕೊಲ್ಲುವುದು ಮುಖ್ಯವಾಗಿ ಅದರೊಡನೆ ಬರುವ ಹೊಗೆ. ಆ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆಯೆಂದೂ, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್‌ಕಾರಕಗಳೆಂದೂ ಲೆಕ್ಕ ಹಾಕಿದ್ದಾರೆ. ಬೀಡಿ ಎಲೆಯದ್ದಾದ್ದರಿಂದ ಸೌಮ್ಯ ಎಂಬುದು ತಪ್ಪು ತಿಳಿವಳಿಕೆ. ಹೊಗೆ ಬಿಟ್ಟು ಗುಟ್ಕಾ, ಜರ್ದಾ ಹಿಡಿಯುವುದೂ ಬಿಟ್ಟಂತಾಗುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ಅದು ನೇರವಾದ ದಾರಿ.

ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸತಕ್ಕ ಸಂಗತಿ ಒಂದುಂಟು. ಬಿಟ್ಟ ಮೇಲೆ ಬರುವ ಆಸೆ ಎಡೆಬಿಡದೆ ಕಾಡುವುದಿಲ್ಲ. ಅದು ಅಲೆಯಂತೆ ಏಳುತ್ತದೆ, ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಮೊದಲ ಎರಡು ಮೂರು ದಿನ ಅಲೆಗಳು ದೊಡ್ಡವು, ಪದೇ ಪದೇ ಬರುವಂಥವು. ಎರಡರಿಂದ ನಾಲ್ಕು ವಾರಗಳಲ್ಲಿ ದೇಹದ ಚಡಪಡಿಕೆ ಬಹಳಷ್ಟು ತಗ್ಗುತ್ತದೆ. ಅಂದರೆ ಜಯಿಸಬೇಕಾದದ್ದು ಇಡೀ ಆಯುಸ್ಸನ್ನಲ್ಲ, ಒಂದೊಂದಾಗಿ ಆ ಕೆಲವು ನಿಮಿಷಗಳನ್ನು. ಆ ನಿಮಿಷಗಳಲ್ಲಿ ಮನುಷ್ಯನು ಒಂಟಿಯಾಗಿರುತ್ತಾನೋ ಜೊತೆಯಲ್ಲಿ ಯಾರಾದರೂ ಇರುತ್ತಾರೋ ಎಂಬುದರ ಮೇಲೆ ಬಹಳ ನಿಂತಿದೆ.

ನಾನು ಮೂರು ಸಲ ಒಂಟಿಯಾಗಿ ಬಿಟ್ಟೆ. ಒಮ್ಮೆ ಯುಗಾದಿಯಂದು, ಒಮ್ಮೆ ಮಗಳ ಹುಟ್ಟುಹಬ್ಬದಂದು, ಮತ್ತೊಮ್ಮೆ ವೈದ್ಯರು ಎದೆಯ ಚಿತ್ರ ತೆಗೆಸಿದ ದಿನ. ಮೂರು ಸಲವೂ ಯಾರಿಗೂ ಹೇಳಲಿಲ್ಲ. ಹೇಳಿದರೆ, ಸೋತಾಗ ನಗುತ್ತಾರಲ್ಲ ಎಂಬ ಭಯ. ಗುಟ್ಟಾಗಿ ಮಾಡಿದ ಪ್ರತಿಜ್ಞೆಯನ್ನು ಗುಟ್ಟಾಗಿ ಮುರಿಯುವುದು ಬಹು ಸುಲಭ, ಸಾಕ್ಷಿಗಳೇ ಇರುವುದಿಲ್ಲ. ಹೆಚ್ಚೆಂದರೆ ಹನ್ನೊಂದು ದಿನ ತಡೆದೆ.

ಈ ನಡುವೆ ನನ್ನ ಉಸಿರು ಕಡಿಮೆಯಾಗುತ್ತ ಬಂತು. ಕನ್ನಡ ಪಂಡಿತನಿಗೆ ಉಸಿರೇ ಉಪಕರಣ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ೧೪ ಮಾತ್ರೆ. ಮೂರು ಮತ್ತು ಆರನೆಯ ಪಾದಗಳಿಗೆ ೨೩ ಮಾತ್ರೆ. ಉದ್ದವಾದ ಆ ಪಾದವನ್ನು ಎಳೆದು ಓದಿ ನಿಲ್ಲಿಸುವುದರಲ್ಲಿಯೇ ಪದ್ಯದ ಸೊಗಸು. ನನಗೆ ಮೂರನೆಯ ಪಾದದ ನಡುವೆ ಉಸಿರು ಮುರಿಯತೊಡಗಿತು. ಅರ್ಥ ಹೇಳುವ ನೆವದಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಹುಡುಗರಿಗೆ ಗೊತ್ತಾಗುವುದಿಲ್ಲವೆಂದು ನಂಬಿದ್ದೆ. ಒಂದು ದಿನ ನಾನು ನಿಂತ ಕಡೆಯಿಂದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಾದವನ್ನು ತಾನೇ ಮುಗಿಸಿದಳು. ಅವಳು ಹಾಸ್ಯಕ್ಕೆ ಮಾಡಲಿಲ್ಲ. ಮೇಷ್ಟರಿಗೆ ಸಹಾಯವಾಗಲೆಂದು ಮಾಡಿದಳು. ಅದರಿಂದ ನನಗೆ ಇನ್ನೂ ಹೆಚ್ಚು ನೋವಾಯಿತು.

ನಮ್ಮ ಊರಿನಲ್ಲಿ ಸಂಜೆ ಕೆರೆಯ ಏರಿಯ ಮೇಲೆ ಕೂಡುತ್ತಿದ್ದ ನಾಲ್ವರು ಸೇದುವವರಿದ್ದೆವು: ನಾನು, ನಮ್ಮ ಶಾಲೆಯ ಗಣಿತದ ಮೇಷ್ಟರು, ಒಬ್ಬ ದರ್ಜಿ, ಒಬ್ಬ ಬಸ್ ಕಂಡಕ್ಟರು. ನಮ್ಮನ್ನು ಕೂಡಿಸಿದ್ದೇ ಬೆಂಕಿಪೆಟ್ಟಿಗೆ. ಆ ಹುಡುಗಿಯ ಸಂಗತಿಯನ್ನು ಒಂದು ಸಂಜೆ ಅವರಿಗೆ ಹೇಳಿದೆ. ಯಾರೂ ನಗಲಿಲ್ಲ. ದರ್ಜಿ ತನ್ನ ಕೆಮ್ಮಿನ ಮಾತು ತೆಗೆದರು. ಮೇಷ್ಟರು ತಮ್ಮ ರಕ್ತದೊತ್ತಡದ ಮಾತು ತೆಗೆದರು. ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಗುಟ್ಟಾಗಿ ಬಿಟ್ಟು ಗುಟ್ಟಾಗಿ ಸೋತವರೇ ಎಂದು ಆಗ ತಿಳಿಯಿತು. ೨೦೧೭ನೆಯ ಇಸವಿ ಜೂನ್ ತಿಂಗಳ ಮೊದಲನೆಯ ಸೋಮವಾರ ನಾಲ್ವರೂ ಒಟ್ಟಿಗೆ ಬಿಡುವುದೆಂದು ಗೊತ್ತುಮಾಡಿದೆವು. ಕಟ್ಟಳೆಗಳು ನಾಲ್ಕು. ಎಲ್ಲರಿಗೂ ಒಂದೇ ದಿನ. ಆಸೆ ಕೆರಳಿದರೆ, ಸೇದುವುದಕ್ಕೆ ಮೊದಲು, ಹೊತ್ತು ಯಾವುದಾದರೂ ಸರಿ, ಮೂವರಲ್ಲಿ ಒಬ್ಬರಿಗೆ ಫೋನು ಮಾಡತಕ್ಕದ್ದು. ಸೇದಿಬಿಟ್ಟರೆ ಮರೆಮಾಚದೆ ಹೇಳತಕ್ಕದ್ದು, ಹೇಳಿದವನನ್ನು ಬಯ್ಯತಕ್ಕದ್ದಲ್ಲ. ದಿನವೂ ಸಿಗರೇಟಿಗೆ ಆಗುತ್ತಿದ್ದ ಹಣವನ್ನು ಮೇಷ್ಟರ ಮನೆಯ ಬಿಸ್ಕತ್ತಿನ ಡಬ್ಬಿಗೆ ಹಾಕತಕ್ಕದ್ದು.

ಮೂರನೆಯ ರಾತ್ರಿ ಊಟವಾದ ಮೇಲೆ ನನ್ನ ಸ್ಥಿತಿ ಹೇಳತೀರದು. ಚಪ್ಪಲಿ ಮೆಟ್ಟಿ ಅಂಗಡಿಯ ಕಡೆಗೆ ಹೊರಟೇ ಇದ್ದೆ. ಕಟ್ಟಳೆ ನೆನಪಾಗಿ ಮೇಷ್ಟರಿಗೆ ಫೋನು ಮಾಡಿದೆ. ಅವರು ಉಪದೇಶ ಮಾಡಲಿಲ್ಲ. ‘ಹತ್ತೊಂಬತ್ತರ ಮಗ್ಗಿ ಹೇಳಿ’ ಎಂದರು. ನನಗೂ ಲೆಕ್ಕಕ್ಕೂ ಹುಟ್ಟಾ ವೈರ. ಹತ್ತೊಂಬತ್ತು ಏಳಲಿ ಎಂಬಲ್ಲಿ ತಡವರಿಸಿದೆ, ಅವರು ತಿದ್ದಿದರು, ಮತ್ತೆ ಮೊದಲಿಂದ ಹೇಳಿಸಿದರು. ನೂರ ತೊಂಬತ್ತು ತಲುಪುವ ಹೊತ್ತಿಗೆ ಇಬ್ಬರೂ ನಗುತ್ತಿದ್ದೆವು, ಅಲೆ ಇಳಿದುಹೋಗಿತ್ತು. ಮರುದಿನ ರಾತ್ರಿ ಅವರ ಫೋನು ಬಂತು. ನಾನು ಪದ್ಯವೊಂದನ್ನು ಕೊಟ್ಟು ಪ್ರಸ್ತಾರ ಹಾಕಿಸಿ ಲಘು ಗುರು ಎಣಿಸಲು ಹೇಳಿದೆ. ಸೇಡೂ ತೀರಿತು, ಉಪಕಾರವೂ ಆಯಿತು.

ಹತ್ತೊಂಬತ್ತನೆಯ ದಿನ ದರ್ಜಿ ಸೋತರು. ಏರಿಯ ಮೇಲೆ ಬಂದು ತಲೆ ತಗ್ಗಿಸಿ ಹೇಳಿದರು. ಬಯ್ಯುವಂತಿರಲಿಲ್ಲವಷ್ಟೆ, ಆದ್ದರಿಂದ ಕೇಳಿದೆವು: ಯಾವ ಹೊತ್ತಿನಲ್ಲಿ? ಎಲ್ಲಿ? ಕೈಯಲ್ಲಿ ಏನಿತ್ತು? ಮಧ್ಯಾಹ್ನ ಮೂರಕ್ಕೆ, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಎಂದು ಗೊತ್ತಾಯಿತು. ಇಪ್ಪತ್ತು ವರ್ಷ ಚಹಾದ ಲೋಟವೂ ಬೀಡಿಯೂ ಜೋಡಿಯಾಗಿದ್ದವು. ಲೋಟ ಕಂಡೊಡನೆ ಕೈ ತಾನೇ ಜೇಬಿಗೆ ಹೋಗಿತ್ತು. ಕೆಲವು ವಾರ ಮೂರು ಗಂಟೆಗೆ ಚಹಾ ಬಿಟ್ಟು ಮನೆಯಿಂದ ತಂದ ಮಜ್ಜಿಗೆ ಕುಡಿಯುವುದೆಂದು ತೀರ್ಮಾನವಾಯಿತು. ಒಂದು ಬೀಡಿ ಸೇದಿದ್ದರಿಂದ ಹದಿನೆಂಟು ದಿನದ ಸಾಧನೆ ನೀರಿನಲ್ಲಿ ಹೋಮವಾಗಲಿಲ್ಲ. ‘ಹೇಗೂ ಕೆಟ್ಟಿತಲ್ಲ’ ಎಂದು ಎರಡನೆಯದನ್ನು ಹೊತ್ತಿಸಿದರೆ ಮಾತ್ರ ಕೆಡುತ್ತದೆ. ಅವರು ಎರಡನೆಯದನ್ನು ಹೊತ್ತಿಸಲಿಲ್ಲ.

ಗೆಳೆಯರ ಬಲ ಇಷ್ಟೊಂದು ಇದೆಯೆಂಬುದು ನಮ್ಮ ಏರಿಯ ಮೇಲಿನ ಅನುಭವ ಮಾತ್ರವಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. ಹೃದ್ರೋಗದ ಕಾರಣಗಳನ್ನು ಅರಿಯಲೆಂದು ೧೯೪೮ರಿಂದ ಅಲ್ಲಿಯ ನಿವಾಸಿಗಳ ಆರೋಗ್ಯವನ್ನು ತಲೆಮಾರುಗಟ್ಟಲೆ ದಾಖಲಿಸುತ್ತ ಬಂದಿದ್ದಾರೆ. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ಇಬ್ಬರು ಸಂಶೋಧಕರು ಆ ದಾಖಲೆಗಳಿಂದ ೧೨,೦೬೭ ಜನರ ನಂಟುತನ ಗೆಳೆತನಗಳ ಜಾಲವನ್ನು ಬರೆದು, ೧೯೭೧ರಿಂದ ೨೦೦೩ರ ವರೆಗೆ ಯಾರು ಯಾವಾಗ ಹೊಗೆ ಬಿಟ್ಟರೆಂದು ನೋಡಿದರು. ೨೦೦೮ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: ಗಂಡಹೆಂಡಿರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ನೂರಕ್ಕೆ ೬೭ರಷ್ಟು ತಗ್ಗಿತು, ಗೆಳೆಯ ಬಿಟ್ಟರೆ ೩೬ರಷ್ಟು, ಚಿಕ್ಕ ಸಂಸ್ಥೆಯ ಸಹೋದ್ಯೋಗಿ ಬಿಟ್ಟರೆ ೩೪ರಷ್ಟು, ಒಡಹುಟ್ಟಿದವರು ಬಿಟ್ಟರೆ ೨೫ರಷ್ಟು. ಬರಿಯ ನೆರೆಮನೆಯವರು ಬಿಟ್ಟದ್ದರಿಂದ ಅಂಥ ಪರಿಣಾಮ ಕಾಣಲಿಲ್ಲ. ಜನರು ಬಿಡಿಬಿಡಿಯಾಗಿ ಅಲ್ಲ, ಗುಂಪುಗುಂಪಾಗಿ ಹೊಗೆ ಬಿಟ್ಟಿದ್ದರು. ಒಂದೇ ಸ್ವಭಾವದವರು ಗೆಳೆಯರಾಗುವುದೂ ಇದಕ್ಕೆ ಭಾಗಶಃ ಕಾರಣವಿರಬಹುದೆಂದು ಆಕ್ಷೇಪಿಸಿದ ವಿದ್ವಾಂಸರಿದ್ದಾರೆ. ಆ ಮಾತೂ ವಿಚಾರಾರ್ಹವೇ. ಆದರೆ ಗುಂಪಿನಲ್ಲಿ ಕೂಡಿ ತರಬೇತಿ ಪಡೆದವರು, ಪುಸ್ತಕ ಓದಿಕೊಂಡು ತಾವೇ ಯತ್ನಿಸಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಗೆದ್ದಿದ್ದಾರೆಂದು ಬೇರೆ ಪರೀಕ್ಷೆಗಳಿಂದಲೂ ತಿಳಿದಿದೆ.

ಅದೇ ಮೆಸಾಚುಸೆಟ್ಸ್ ರಾಜ್ಯದ ರ್‍ಯಾಂಡಾಲ್ಫ್ ಎಂಬ ಊರಿನಲ್ಲಿ ೧೯೭೦ರಲ್ಲಿ ಒಂದು ಪ್ರಯೋಗ ನಡೆಯಿತು. ಊರಿನವರು ಒಂದು ದಿನ ಸಿಗರೇಟು ಬಿಟ್ಟು, ಆ ಹಣವನ್ನು ಹೈಸ್ಕೂಲಿನ ವಿದ್ಯಾರ್ಥಿವೇತನದ ನಿಧಿಗೆ ಕೊಡಬೇಕೆಂದು ಆರ್ಥರ್ ಮುಲ್ಲಾನಿ ಎಂಬುವರು ಕೇಳಿಕೊಂಡರು. ಇಂಥ ಯತ್ನಗಳೇ ಬೆಳೆದು ೧೯೭೭ರಿಂದ ಅಮೆರಿಕದಲ್ಲಿ ಪ್ರತಿವರ್ಷ ನವೆಂಬರಿನಲ್ಲಿ ಎಲ್ಲರೂ ಒಟ್ಟಿಗೆ ಹೊಗೆ ಬಿಡುವ ದಿನವಾಯಿತು. ಒಬ್ಬನಿಗೆ ಭಾರವಾದ ದಿನ ಊರಿಗೆಲ್ಲ ಹಬ್ಬವಾಗಬಹುದು. ನಮ್ಮ ಬಿಸ್ಕತ್ತಿನ ಡಬ್ಬಿಯ ಹಣದಲ್ಲಿ ಆ ವರ್ಷ ಶಾಲೆಯ ಮೂವರು ಮಕ್ಕಳಿಗೆ ನಿಘಂಟು ಕೊಡಿಸಿದೆವು.

ನಮ್ಮ ದೇಶದಲ್ಲಿಯೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಧೂಮಪಾನದ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರೂ ಅವರ ಒಬ್ಬ ಬಂಧುವೂ ಕೂಡಿ ಚಿಕ್ಕಪ್ಪ ಎಸೆದ ಸಿಗರೇಟಿನ ತುಂಡುಗಳನ್ನು ಆಯ್ದು ಸೇದಿದರು. ಅದು ಸಾಲದೆ ಆಳಿನ ಕಾಸು ಕದ್ದರು. ಕೊನೆಗೆ ಬೇಸರಗೊಂಡು ಉಮ್ಮತ್ತದ ಬೀಜ ತಿಂದು ಸಾಯುವ ಯೋಚನೆಯನ್ನೂ ಮಾಡಿ, ಧೈರ್ಯ ಸಾಲದೆ ಹಿಂದೆಗೆದರು. ಆ ಬಳಿಕ ಇಬ್ಬರೂ ಒಟ್ಟಿಗೆ ಅದನ್ನು ಬಿಟ್ಟರು. ಚಟ ಹತ್ತಿದ್ದೂ ಜೊತೆಯಲ್ಲಿ, ಹೋದದ್ದೂ ಜೊತೆಯಲ್ಲಿ.

ಇನ್ನು ಮನೆಯವರಿಗೆ ಎರಡು ಮಾತು. ರೇಡಿಯೋ ಮುಂದೆ ಕೂಡುವ ಸಂಸಾರದಲ್ಲಿ ಸೇದುವವರು ಒಬ್ಬರಾದರೆ ಹೊಗೆ ಕುಡಿಯುವವರು ಐವರು. ಆದ್ದರಿಂದ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಹಂಗಿಸುವ ಮಾತಿನಿಂದ ಮನುಷ್ಯ ಬಾಗಿಲ ಆಚೆಗೆ ಹೋಗಿ ಸೇದುವುದನ್ನು ಕಲಿಯುತ್ತಾನೆಯೇ ಹೊರತು ಬಿಡುವುದನ್ನು ಕಲಿಯುವುದಿಲ್ಲ. ‘ನಿಮ್ಮಿಂದ ಆಗುವುದಿಲ್ಲ ಬಿಡಿ’ ಎನ್ನುವುದಕ್ಕಿಂತ ‘ಇವತ್ತಿಗೆ ಎಷ್ಟನೆಯ ದಿನ?’ ಎಂದು ಕೇಳುವುದು ಲೇಸು. ಮೊದಲ ವಾರದ ಸಿಡುಕನ್ನು ಜ್ವರದ ಕನವರಿಕೆಯಂತೆ ಸಹಿಸಿಕೊಳ್ಳಬೇಕು. ಮನೆಯಲ್ಲಿರುವ ಬೂದಿಬಟ್ಟಲು, ಬೆಂಕಿಪೆಟ್ಟಿಗೆ, ಉಳಿದ ಬೀಡಿಕಟ್ಟು ಇವನ್ನು ಮೊದಲ ದಿನವೇ ಸಾಗಹಾಕಬೇಕು. ಊಟವಾದ ಮೇಲಿನ ಹತ್ತು ನಿಮಿಷ ಬಹು ಕಷ್ಟದ ಹೊತ್ತು. ಆಗ ಯಾರಾದರೂ ಜೊತೆಯಲ್ಲಿ ನಾಲ್ಕು ಹೆಜ್ಜೆ ತಿರುಗಾಡಿ ಬಂದರೆ ಅದೇ ದೊಡ್ಡ ಔಷಧ. ಸೇದುವ ಗೆಳೆಯರಿಗೂ ಒಂದು ಪ್ರಾರ್ಥನೆ: ನೀವು ಬಿಡದಿದ್ದರೂ ಚಿಂತೆಯಿಲ್ಲ, ಬಿಟ್ಟವನ ಮುಂದೆ ಪೆಟ್ಟಿಗೆ ಚಾಚಬೇಡಿ.

ಗೆಳೆಯರು ವೈದ್ಯರಲ್ಲ ಎಂಬುದನ್ನೂ ಮರೆಯಬಾರದು. ನಮ್ಮ ಕಂಡಕ್ಟರು ಆ ಜೂನಿನಲ್ಲಿ ಎರಡು ವಾರ ಕೂಡ ತಡೆಯಲಿಲ್ಲ. ಪ್ರತಿ ಬಸ್ ನಿಲ್ದಾಣದಲ್ಲೂ ಅವರಿಗೆ ಒಂದು ಅಂಗಡಿ, ಒಬ್ಬ ಪರಿಚಯದವನು. ನಾವು ಅವರನ್ನು ಏರಿಯಿಂದ ಹೊರಗಿಡಲಿಲ್ಲ. ಅವರೂ ಬರುವುದನ್ನು ನಿಲ್ಲಿಸಲಿಲ್ಲ. ಮರುವರ್ಷ ಅವರು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಿದರು. ೨೦೧೬ರ ಮೇ ತಿಂಗಳಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ಈ ಸೇವೆಗೆ ೨೦೧೮ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಕೇಂದ್ರವಾಗಿ, ಕನ್ನಡದಲ್ಲಿಯೇ ಮಾತನಾಡುವ ಅನುಕೂಲವಾಯಿತು. ಸಂಖ್ಯೆ ೧೮೦೦ ೧೧೨ ೩೫೬, ಕರೆಗೆ ಹಣವಿಲ್ಲ. ಅದೇ ವರ್ಷದ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೂ ಆ ಸಂಖ್ಯೆಯನ್ನು ಅಚ್ಚುಹಾಕತೊಡಗಿದರು. ಆ ಕಡೆಯಿಂದ ಮಾತನಾಡಿದವರು ಕಂಡಕ್ಟರಿಗೆ ದಿನ ಗೊತ್ತುಮಾಡಿಸಿ, ಮತ್ತೆ ಮತ್ತೆ ವಿಚಾರಿಸಿದರು. ವೈದ್ಯರ ಸಲಹೆಯಂತೆ ನಿಕೋಟಿನ್ ಇರುವ ಅಗಿಯುವ ಗಮ್ಮನ್ನೂ ಕೆಲವು ವಾರ ಬಳಸಿದರು. ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು, ಮೆಲ್ಲಗೆ ಅದನ್ನೂ ತಗ್ಗಿಸುವ ಉಪಾಯ ಇದು. ಚರ್ಮಕ್ಕೆ ಅಂಟಿಸುವ ಪಟ್ಟಿಗಳೂ ನುಂಗುವ ಮಾತ್ರೆಗಳೂ ಉಂಟು. ಅವನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಎರಡನೆಯ ಯತ್ನದಲ್ಲಿ ಕಂಡಕ್ಟರು ಗೆದ್ದರು. ಹತ್ತಿರ ಗೆಳೆಯರಿಲ್ಲದವರಿಗೆ ಫೋನಿನ ಆ ದನಿಯೇ ಗೆಳೆಯನಾಗಬಹುದು.

ಇಷ್ಟು ವರ್ಷ ಸೇದಿದ ಮೇಲೆ ಬಿಟ್ಟರೇನು ಫಲ ಎಂದು ಕೇಳುವವರು ಹಲವರು. ಫಲ ಅಂದೇ ಆರಂಭವಾಗುತ್ತದೆ. ಕೊನೆಯ ಸಿಗರೇಟಿನಿಂದ ೨೦ ನಿಮಿಷದಲ್ಲಿ ನಾಡಿಯ ವೇಗವೂ ರಕ್ತದೊತ್ತಡವೂ ಇಳಿಯತೊಡಗುತ್ತವೆ. ಎರಡರಿಂದ ಹನ್ನೆರಡು ವಾರಗಳಲ್ಲಿ ರಕ್ತಸಂಚಾರವೂ ಶ್ವಾಸಕೋಶದ ಶಕ್ತಿಯೂ ಸುಧಾರಿಸುತ್ತವೆ. ಒಂದು ವರ್ಷಕ್ಕೆ, ಸೇದುತ್ತಲೇ ಇರುವವನಿಗೆ ಹೋಲಿಸಿದರೆ, ಹೃದಯದ ರಕ್ತನಾಳಗಳ ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಎಂಬ ವೈದ್ಯ ವಿಜ್ಞಾನಿ ೧೯೫೧ರಲ್ಲಿ ತನ್ನ ದೇಶದ ವೈದ್ಯರನ್ನೇ ಪರೀಕ್ಷೆಗೆ ತೆಗೆದುಕೊಂಡು ಐವತ್ತು ವರ್ಷ ಗಮನಿಸಿ, ೨೦೦೪ರಲ್ಲಿ ಲೆಕ್ಕ ಒಪ್ಪಿಸಿದನು. ಬದುಕಿನುದ್ದಕ್ಕೂ ಸೇದಿದವರು ಸರಾಸರಿ ಹತ್ತು ವರ್ಷ ಆಯುಸ್ಸು ಕಳೆದುಕೊಂಡಿದ್ದರು. ಅರುವತ್ತರಲ್ಲಿ ಬಿಟ್ಟವರು ಅದರಲ್ಲಿ ಸುಮಾರು ಮೂರು ವರ್ಷವನ್ನು, ಐವತ್ತರಲ್ಲಿ ಬಿಟ್ಟವರು ಆರನ್ನು, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನು, ಮೂವತ್ತರಲ್ಲಿ ಬಿಟ್ಟವರು ಹೆಚ್ಚುಕಡಮೆ ಹತ್ತನ್ನೂ ಮರಳಿ ಪಡೆದರು. ತಡವಾಯಿತೆಂದು ಹೇಳುವ ವಯಸ್ಸು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಒಂದು ಸಂಗತಿಯನ್ನು ಹೇಳದೆ ಉಳಿಸಿದ್ದೇನೆ. ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಅರ್ಧ ಸಿಗರೇಟು ಕೊಟ್ಟ ಗೆಳೆಯನು ೨೦೧೫ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು. ಅದಕ್ಕೆ ಹಿಂದಿನ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ್ದ. ‘ಬಿಟ್ಟುಬಿಡೋಣ ಕಣೋ, ಇಬ್ಬರೂ ಸೇರಿ ಬಿಡೋಣ’ ಎಂದ. ನಾನು ನಕ್ಕು ನನ್ನ ಪೆಟ್ಟಿಗೆಯನ್ನು ಅವನ ಮುಂದೆ ಹಿಡಿದೆ. ಅವನೂ ನಕ್ಕು ಒಂದು ತೆಗೆದುಕೊಂಡ. ಅವನು ಅಂದು ಕೇಳಿದ್ದು ಉಪದೇಶವನ್ನಲ್ಲ, ಔಷಧವನ್ನಲ್ಲ, ಜೊತೆಯನ್ನು. ಅದನ್ನು ಕೊಡುವುದು ನನ್ನ ಕೈಯಲ್ಲಿತ್ತು. ವ್ಯಸನ ಎಂಬ ಶಬ್ದಕ್ಕೆ ಎರಡು ಅರ್ಥಗಳು ಏಕಿವೆ ಎಂದು ಹುಡುಗರು ಈಗ ಕೇಳಿದರೆ ನಾನು ಧಾತುವಿನ ವಿವರಣೆಯನ್ನಷ್ಟೇ ಹೇಳಿ ಪಾಠ ಮುಗಿಸುವುದಿಲ್ಲ. ಅವನ ಕಥೆಯನ್ನೂ ಹೇಳುತ್ತೇನೆ.

ಈಗ ತರಗತಿಯಲ್ಲಿ ೨೩ ಮಾತ್ರೆಯ ಪಾದವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಕೆರೆಯ ಏರಿಯ ಮೇಲೆ ನಾಲ್ವರೂ ಈಗಲೂ ಕೂಡುತ್ತೇವೆ. ಕಡಲೆಕಾಯಿಯ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತದೆ. ಇದನ್ನು ಓದುತ್ತಿರುವವರಿಗೆ ಗೆಳೆಯರೊಬ್ಬರು ಇಂದೋ ನಾಳೆಯೋ ‘ಬಿಡಬೇಕೆಂದಿದ್ದೇನೆ’ ಎಂದು ಹೇಳಬಹುದು. ಆಗ ನಗಬೇಡಿ. ದಿನ ಯಾವುದೆಂದು ಕೇಳಿ; ನಿಮ್ಮ ಫೋನಿನ ಸಂಖ್ಯೆಯನ್ನು ಬರೆದುಕೊಡಿ; ಎಷ್ಟು ಹೊತ್ತಿಗೆ ಬೇಕಾದರೂ ಕರೆಯಬಹುದೆಂದು ಹೇಳಿ. ಕರೆ ಬಂದಾಗ ಏನು ಮಾತನಾಡಬೇಕೆಂದು ತೋಚದಿದ್ದರೆ, ಹತ್ತೊಂಬತ್ತರ ಮಗ್ಗಿಯನ್ನು ಕೇಳಿದರೂ ಸಾಕು.